ಹೊಗಳದೆ ಕೈ ಮುಗಿಯುವುದು

ಮೊನ್ನೆ ರಾತ್ರಿ ಊಟ ಮುಗಿಸಿ ಸುಮ್ನೆ ಫೋನ್ ನೋಡುತ್ತಾ ಕೂತಿದ್ದೆ. ಒಂದು ರೀಲ್ ಬಂತು. ಹುಲಿಯೊಂದು ಸಫಾರಿ ರಸ್ತೆ ದಾಟುತ್ತಿದೆ. ಬೆಳಕು ಚೆನ್ನಾಗಿದೆ, ಪಟ್ಟೆಗಳನ್ನು ಎಣಿಸಬಹುದು. ಹಿಂದೆ ನಗಾರಿ, ಕಹಳೆ, ಯಾರದೋ ಗಡಸು ದನಿಯ ಡೈಲಾಗು. ಮೇಲೆ ದಪ್ಪ ಅಕ್ಷರದಲ್ಲಿ 'ಕಾಡಿನ ರಾಜನ ಗತ್ತು ನೋಡಿ'. ನೋಡಿದೆ. ಹೆಬ್ಬೆರಳು ತಾನಾಗಿಯೇ ಮೇಲಕ್ಕೆ ಸರಿಸಿತು. ಮುಂದಿನದು ಕುಕ್ಕರಿನಲ್ಲಿ ಬಿಸಿಬೇಳೆಬಾತ್ ಮಾಡುವ ವಿಧಾನ. ನಿಜ ಹೇಳಬೇಕಂದ್ರೆ ಅದನ್ನೇ ಸ್ವಲ್ಪ ಜಾಸ್ತಿ ಗಮನವಿಟ್ಟು ನೋಡಿದೆ. ಆಮೇಲೆ ಮಲಗಿದ ಮೇಲೂ ಒಂದು ಥರ ಕಸಿವಿಸಿ. ಹುಲಿ ಅಲ್ವಾ ಅದು? ನಮ್ಮ ಅಜ್ಜಂದಿರು ಹೆಸರೆತ್ತಲೂ ಹಿಂಜರಿಯುತ್ತಿದ್ದ ಪ್ರಾಣಿ. ಅದು ನನ್ನೆದುರು ನಡೆದುಹೋಯಿತು, ನನಗೆ ಏನೂ ಆಗಲಿಲ್ಲ.

ಫೋನಿನ ತಪ್ಪು ಅಂದುಕೊಳ್ಳೋಣ ಅಂದ್ರೆ, ನಾಗರಹೊಳೆಯಲ್ಲಿ ಕಣ್ಣಾರೆ ನೋಡಿದಾಗಲೂ ಹೆಚ್ಚುಕಡಿಮೆ ಹೀಗೇ ಆಗಿತ್ತು. ಕೆರೆಯ ದಂಡೆಯಲ್ಲಿ ಹುಲಿ ಮಲಗಿತ್ತು. ಎದುರಿಗೆ ಜೀಪುಗಳ ಸಾಲು. 'ಸರ್, ಸ್ವಲ್ಪ ತಲೆ ತಗ್ಗಿಸಿ', 'ಲೆನ್ಸ್ ಅಡ್ಡ ಬರ್ತಿದೆ' ಅನ್ನುವ ಪಿಸುಮಾತುಗಳು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎದೆ ನಡುಗಲಿಲ್ಲ. ಕೈ ಮುಗಿಯಬೇಕು ಅನ್ನಿಸಲಿಲ್ಲ. 2022ರ ಗಣತಿಯ ಅಂದಾಜಿನಲ್ಲಿ ಕರ್ನಾಟಕದ ಪಾಲಿಗೆ 563 ಹುಲಿಗಳಿವೆ. ಅವುಗಳಲ್ಲಿ ಒಂದನ್ನು ನೋಡಿದೆ ಅನ್ನುವ ಸಮಾಧಾನ ಸಿಕ್ಕಿತು, ಅಷ್ಟೇ. ಆದರೆ ನಾನು ಎಂದೂ ನೋಡದ ಒಂದು ಹುಲಿ ಇದೆ. ಅದನ್ನು ನೆನೆಸಿಕೊಂಡರೆ ಈಗಲೂ ಕತ್ತಿನ ಹಿಂದೆ ಕೂದಲು ನಿಲ್ಲುತ್ತದೆ. ಅದು ನನ್ನ ದೊಡ್ಡಪ್ಪ ಹೇಳಿದ ಹುಲಿ.

ದೊಡ್ಡಪ್ಪನ ಮನೆ ಕೊಪ್ಪದ ಕಡೆ. ಮಳೆಗಾಲದಲ್ಲಿ ಕರೆಂಟು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ರಾತ್ರಿ ಜಗಲಿಯಲ್ಲಿ ಲಾಟೀನು ಇಟ್ಟುಕೊಂಡು ಕೂರುತ್ತಿದ್ದೆವು. ಹುಡುಗರೆಲ್ಲ ಸೇರಿ ಕಾಟ ಕೊಟ್ಟ ಮೇಲೆ ಅವರು ಆ ಕಥೆ ತೆಗೆಯುತ್ತಿದ್ದರು. ತೆಗೆಯುತ್ತಿದ್ದದ್ದು ಹುಲಿಯಿಂದಲ್ಲ, ನಾಯಿಯಿಂದ. 'ಮಳೆ ಹಿಡ್ದು ಕೂತಿತ್ತು ಮಾರಾಯ. ನಮ್ಮ ಕರಿಯ ಊಟಕ್ಕೆ ಕರೆದ್ರೂ ಬರ್ಲಿಲ್ಲ. ಹುಡುಕಿದ್ರೆ ಬಚ್ಚಲೊಲೆ ಹಿಂದೆ, ಕಟ್ಟಿಗೆ ಸಂದಿಯಲ್ಲಿ ಸೇರ್ಕೊಂಡಿದೆ. ಬಾಲ ಹೊಟ್ಟೆ ಅಡಿಗೆ. ಬೊಗಳೂದಿಲ್ಲ, ಕುಂಯ್ ಅನ್ನೂದಿಲ್ಲ.' ಇಲ್ಲಿ ಒಂದು ಎಲೆ ತೊಡೆಯ ಮೇಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಹೋಳು ಇಟ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾವು ಕಾಯಬೇಕು. 'ಆಮೇಲೆ ಕೊಟ್ಟಿಗೆ. ದನಗಳು ಮೆಲುಕು ಹಾಕೂದು ಕೇಳ್ತದಲ್ಲ ರಾತ್ರಿ, ಅದು ನಿಂತುಹೋಯ್ತು. ಕೊರಳಿನ ಗಂಟೆ ಒಂದೂ ಅಲ್ಲಾಡ್ಲಿಲ್ಲ. ಎಲ್ಲಾ ಎದ್ದು ನಿಂತಿದಾವೆ, ಒಂದೇ ಕಡೆ ಮುಖ.' ಮತ್ತೆ ನಿಲ್ಲಿಸುತ್ತಿದ್ದರು. ಅಂಗಳಕ್ಕಿಳಿದು ಉಗಿದು ಬರುತ್ತಿದ್ದರು. 'ಬೆಳಿಗ್ಗೆ ಹೋಗಿ ನೋಡ್ತೇನೆ, ಗೊಬ್ಬರಗುಂಡಿ ಪಕ್ಕ ಕೆಸರಿನಲ್ಲಿ ಒಂದು ಹೆಜ್ಜೆ. ನನ್ನ ಅಂಗೈ ಇಟ್ರೂ ಸುತ್ತ ಜಾಗ ಉಳೀತಿತ್ತು. ಅದರೊಳಗೆ ಮಳೆನೀರು ನಿಂತಿತ್ತು.' ಮುಗಿಯಿತು. ಕಥೆಯಲ್ಲಿ ಹುಲಿ ಬರಲೇ ಇಲ್ಲ. ದನ ಹಿಡಿಯಲಿಲ್ಲ, ಘರ್ಜಿಸಲಿಲ್ಲ. ಆದರೆ ಆ ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗುವ ಧೈರ್ಯ ನಮ್ಮಲ್ಲಿ ಯಾರಿಗೂ ಇರುತ್ತಿರಲಿಲ್ಲ.

ದೊಡ್ಡಪ್ಪ ಹುಲಿಯ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಆಡಿದವರಲ್ಲ. ರಾಜ ಅನ್ನಲಿಲ್ಲ, ಗಾಂಭೀರ್ಯ ಅನ್ನಲಿಲ್ಲ. ಅಷ್ಟು ಗೌರವ ಎಲ್ಲಿಂದ ಬಂತು ಅಂತ ಈಗ ಯೋಚಿಸಿದರೆ, ಅವರು ಹೇಳದೆ ಬಿಟ್ಟಿದ್ದರಲ್ಲೇ ಇತ್ತು ಅನ್ನಿಸುತ್ತದೆ. ಹುಲಿ ಬಂದಿದ್ದು ನಮಗೆ ಗೊತ್ತಾದದ್ದು ನಾಯಿಯಿಂದ, ದನಗಳಿಂದ. ಅವುಗಳಿಗೆ ಗೊತ್ತಿದ್ದದ್ದು ಮನುಷ್ಯನಿಗೆ ಗೊತ್ತಾಗಲು ಬೆಳಗಾಗಬೇಕಾಯಿತು. ಕಥೆಯೊಳಗೇ ಮನುಷ್ಯನ ಜಾಗ ಒಂದು ಮೆಟ್ಟಿಲು ಕೆಳಗಿತ್ತು. ಆ ರೀಲ್‌ನಲ್ಲಿ ಉಲ್ಟಾ. ಅಲ್ಲಿ ಹುಲಿ ನಮ್ಮ ಕಣ್ಣಿಗೋಸ್ಕರವೇ ನಡೆಯುತ್ತಿತ್ತು.

ಎಡಗೈಯಲ್ಲಿ ಎರಡು ಮೊಟ್ಟೆ

ಕಾಡುಪ್ರಾಣಿಯ ಬಗ್ಗೆ ಬರೆದವರಲ್ಲಿ ಈ ವಿದ್ಯೆ ಚೆನ್ನಾಗಿ ಗೊತ್ತಿದ್ದವನು ನರಭಕ್ಷಕಗಳ ಬೇಟೆಗಾರ ಜಿಮ್ ಕಾರ್ಬೆಟ್. ವಿಚಿತ್ರ ನೋಡಿ, ಕೊಲ್ಲಲು ಹೊರಟವನ ಬರಹದಲ್ಲಿ ಇರುವ ಮರ್ಯಾದೆ ಕಾಪಾಡಲು ಹೊರಟವರ ಪೋಸ್ಟರುಗಳಲ್ಲಿ ಇರುವುದಿಲ್ಲ. ಹುಲಿ ದೊಡ್ಡ ಮನಸ್ಸಿನ ಸಂಭಾವಿತ ಅಂತ ಅವನು ಬರೆದ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ನನಗೆ ಆ ಮಾತು ಅಷ್ಟೇನೂ ಮುಖ್ಯ ಅನ್ನಿಸುವುದಿಲ್ಲ. ಅದು ಮುನ್ನುಡಿಯ ಮಾತು, ಸಭೆಯಲ್ಲಿ ಆಡುವಂಥದ್ದು. ಅವನ ನಿಜವಾದ ಗೌರವ ಇರುವುದು ಕಥೆಗಳ ನಡೆಯಲ್ಲಿ.

ಚೌಗಢದ ಹೆಣ್ಣುಹುಲಿಯ ಕಥೆಯನ್ನೇ ತೆಗೆದುಕೊಳ್ಳಿ. 1944ರಲ್ಲಿ ಬಂದ ಕುಮಾವೂನಿನ ನರಭಕ್ಷಕಗಳ ಪುಸ್ತಕದಲ್ಲಿ ಇದೆ. ಅವನು ಕೊಡುವ ಲೆಕ್ಕದ ಪ್ರಕಾರ ಆ ಹುಲಿ ಮತ್ತು ಅದರ ಮರಿ ಸೇರಿ 64 ಜನರನ್ನು ಕೊಂದಿದ್ದವು. 1930ರ ಏಪ್ರಿಲ್. ಕಾರ್ಬೆಟ್ ಹುಲಿಯನ್ನು ಹುಡುಕಿಕೊಂಡು ಒಂದು ಕೊರಕಲಿಗೆ ಇಳಿಯುತ್ತಾನೆ. ದಾರಿಯಲ್ಲಿ ನತ್ತಿಂಗ ಜಾತಿಯ ಹಕ್ಕಿಯ ಎರಡು ಮೊಟ್ಟೆ ಕಾಣುತ್ತವೆ. ಅವನಿಗೆ ಮೊಟ್ಟೆ ಸಂಗ್ರಹಿಸುವ ಹುಚ್ಚು. ಅವುಗಳ ಆಕಾರ ಮಾಮೂಲಿನಂತಿಲ್ಲ, ಹಾಗಾಗಿ ಎತ್ತಿಕೊಂಡು ಎಡಗೈಯಲ್ಲಿ ಜೋಪಾನವಾಗಿ ಹಿಡಿದುಕೊಳ್ಳುತ್ತಾನೆ. ನರಭಕ್ಷಕನ ಬೆನ್ನು ಹತ್ತಿದವನು ಮೊಟ್ಟೆ ಹಿಡಿದುಕೊಂಡು ಓಡಾಡುವುದು! ಓದುವ ನಮಗೆ ತಡೆಯಲಾರದ ಸಿಟ್ಟು ಬರುತ್ತದೆ, ಬಿಸಾಡೋ ಮಾರಾಯ ಅನ್ನಿಸುತ್ತದೆ. ಅವನು ದೊಡ್ಡ ಬಂಡೆಯೊಂದನ್ನು ದಾಟಿ, ಬಲಭುಜದ ಮೇಲಿಂದ ಹಿಂದಕ್ಕೆ ತಿರುಗಿ ನೋಡುತ್ತಾನೆ. ನೇರ ಹುಲಿಯ ಮುಖ. ಎಂಟು ಅಡಿ ದೂರ.

ಇಲ್ಲಿಂದ ಮುಂದೆ ಅವನು ಹುಲಿಯನ್ನು ಒಂದು ಸಲವೂ ವರ್ಣಿಸುವುದಿಲ್ಲ, ಮುಖದ ಮೇಲಿದ್ದ ಭಾವವನ್ನು ಬಿಟ್ಟು. ಆ ಮುಖದಲ್ಲಿ ಒಂದು ನಗು ಇತ್ತಂತೆ. ಮನೆಗೆ ಬಂದ ಯಜಮಾನನನ್ನು ನೋಡಿದ ನಾಯಿಯ ಮುಖದಲ್ಲಿ ಇರುವಂಥ ನಗು. ಉಳಿದದ್ದೆಲ್ಲ ಬಂದೂಕಿನ ಲೆಕ್ಕ. ಬಂದೂಕು ಬಲಗೈಯಲ್ಲಿ, ಎದೆಗೆ ಅಡ್ಡವಾಗಿ ಇದೆ. ಮೂತಿಯನ್ನು ಮುಕ್ಕಾಲು ಸುತ್ತು ತಿರುಗಿಸಬೇಕು. ಎಡಗೈಯಲ್ಲಿ ಮೊಟ್ಟೆ. ಬೇಗ ತಿರುಗಿಸಿದರೆ ಹುಲಿ ನೆಗೆಯುತ್ತದೆ. ಒಂದೇ ಕೈಯಲ್ಲಿ, ಗೊತ್ತೇ ಆಗದಷ್ಟು ನಿಧಾನ, ಬಂದೂಕು ತಿರುಗುತ್ತದೆ. ತೋಳು ಸೋಲುತ್ತದೆ. ಹುಲಿ ಅವನ ಕಣ್ಣಿಂದ ಕಣ್ಣು ತೆಗೆಯುವುದಿಲ್ಲ. ಸ್ವಲ್ಪವೇ ಹೊತ್ತಿನ ಮಾತು ಅದು, ಆದರೆ ಬರಹದಲ್ಲಿ ಎಷ್ಟು ಉದ್ದ! ಗುಂಡು ಹಾರಿದ ಮೇಲೂ ಏನೂ ಆದಂತೆ ಕಾಣುವುದಿಲ್ಲ. ಆಮೇಲೆ ನಿಧಾನಕ್ಕೆ ಹುಲಿಯ ತಲೆ ಮುಂಗಾಲುಗಳ ಮೇಲೆ ಇಳಿಯುತ್ತದೆ.

ಇಷ್ಟು ಹೇಳಿದವನು ಮುಂದೆ ಏನು ಮಾಡಿದ ಗೊತ್ತಾ? ಆ ಮೊಟ್ಟೆಗಳನ್ನು ಎತ್ತಿದ ಜಾಗದಲ್ಲೇ ವಾಪಸು ಇಟ್ಟು ಬಂದ. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದಾಗ ತಾಯಿಹಕ್ಕಿ ಅವುಗಳ ಮೇಲೆ ಕೂತಿತ್ತು ಅಂತಲೂ ಬರೆಯುತ್ತಾನೆ. ಒಂದು ಕೈಯಲ್ಲಿ ಜೀವ, ಇನ್ನೊಂದರಲ್ಲಿ ಸಾವು ಅನ್ನುವ ಮಾತು ನನ್ನದು, ಅವನದಲ್ಲ. ಅವನು ಆ ತಂಟೆಗೇ ಹೋಗುವುದಿಲ್ಲ. ನಾನೀಗ ಬರೆದು ಕೆಡಿಸಿದೆ ಅಂತಲೇ ಅನ್ನಿಸುತ್ತಿದೆ. ಅವನು ಬರೆಯುವುದು ಹುಲಿಯ ಉಗುರು ಮುರಿದಿತ್ತು, ಒಂದು ಕೋರೆಹಲ್ಲು ಮುರಿದಿತ್ತು, ಮುಂದಿನ ಹಲ್ಲುಗಳು ಸವೆದಿದ್ದವು ಅಂತ. ಅದು ಮನುಷ್ಯರನ್ನು ಯಾಕೆ ಹಿಡಿಯಿತು ಅನ್ನುವುದಕ್ಕೆ ಅಷ್ಟೇ ಉತ್ತರ.

ರುದ್ರಪ್ರಯಾಗದ ಚಿರತೆಯ ಕೊನೆಯಲ್ಲೂ ಹೀಗೇ. ತೇಜಸ್ವಿಯವರ ಕನ್ನಡದಲ್ಲಿ ನಮ್ಮಲ್ಲಿ ಎಷ್ಟೋ ಜನ ಅದನ್ನು ಹೈಸ್ಕೂಲಿನಲ್ಲೇ ಓದಿದವರು. ಎಂಟು ವರ್ಷ, ಸರ್ಕಾರಿ ಲೆಕ್ಕದಲ್ಲೇ 125 ಸಾವು. ಅಲ್ಲಿಯ ಜನ ಅದನ್ನು ದೆವ್ವ ಅಂದುಕೊಂಡಿದ್ದರು. 1926ರ ಮೇ ತಿಂಗಳಲ್ಲಿ ಕೊನೆಗೂ ಸತ್ತುಬಿದ್ದದ್ದನ್ನು ಬೆಳಕಿನಲ್ಲಿ ನೋಡಿದರೆ ಒಂದು ಮುದಿ ಚಿರತೆ. ಮೂತಿ ನರೆತಿದೆ, ಮೀಸೆ ಇಲ್ಲ. ಅದು ತಪ್ಪಿದ್ದು ಮನುಷ್ಯನ ಕಾನೂನಿಗೆ, ಪ್ರಕೃತಿಯ ಕಾನೂನಿಗಲ್ಲ ಅಂತ ಕಾರ್ಬೆಟ್ ಹೇಳುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ರಾಕ್ಷಸನ ಸಂಹಾರ ಮಾಡಿ ಮುಗಿಸುತ್ತಿದ್ದರು. ರಾಕ್ಷಸ ಅಂದ ಕೂಡಲೇ ಪ್ರಾಣಿ ಮಾಯವಾಗಿ ನಮ್ಮ ಭಯ ಮಾತ್ರ ಉಳಿಯುತ್ತದೆ. ಅವನು ಭಯವನ್ನೆಲ್ಲ ಬಿಡಿಸಿ ತೆಗೆದು, ಒಂದು ಮುದಿ ಮೈಯನ್ನು ನಮ್ಮ ಮುಂದೆ ಇಟ್ಟ. ಆ ಪುಟದಲ್ಲಿ ಚಿರತೆಯ ಮೇಲೆ ನನಗೆ ಬಂದ ಮರ್ಯಾದೆ ಹಿಂದಿನ ಯಾವ ಪುಟದಲ್ಲೂ ಬಂದಿರಲಿಲ್ಲ.

ಓತಿಕ್ಯಾತನ ದರ್ಶನ

ಹುಲಿ, ಚಿರತೆ ಬಿಡಿ. ಅವುಗಳಿಗೆ ಹಲ್ಲಿದೆ, ಉಗುರಿದೆ. ಬರೆಯುವವನು ಸ್ವಲ್ಪ ಸೋತರೂ ಪ್ರಾಣಿಯೇ ಕೈ ಹಿಡಿದು ದಾಟಿಸುತ್ತದೆ. ಬರಹದ ತಾಕತ್ತು ಗೊತ್ತಾಗಬೇಕಾದರೆ ಯಾರೂ ಹೆದರದ ಪ್ರಾಣಿ ಬೇಕು. ಓತಿಕ್ಯಾತಕ್ಕಿಂತ ಕಡೆಗಣಿಸಿದ ಪ್ರಾಣಿ ನಮ್ಮಲ್ಲಿ ಇನ್ನೊಂದಿಲ್ಲ. ಹುಡುಗರು ಕಲ್ಲು ಹೊಡೆಯಲಿಕ್ಕೇ ಅದು ಹುಟ್ಟಿದೆ ಅನ್ನುವಂತಿತ್ತು ನಮ್ಮ ಕಾಲ. ಬೇಲಿ ಮೇಲೆ ಕೂತು ತಲೆ ಆಡಿಸಿದರೆ ನಮ್ಮನ್ನು ಅಣಕಿಸುತ್ತಿದೆ ಅಂತ ಬೆನ್ನಟ್ಟುತ್ತಿದ್ದೆವು. ಬಣ್ಣ ಬದಲಿಸುವವರನ್ನು ಬೈಯುವುದಕ್ಕೂ ಅದರ ಹೆಸರೇ ಬೇಕು.

ಅಂಥ ಓತಿಯನ್ನು ತೇಜಸ್ವಿ 1980ರಲ್ಲಿ 'ಕರ್ವಾಲೊ' ಕಾದಂಬರಿಯಲ್ಲಿ ಏನು ಮಾಡಿದರು ನೋಡಿ. ಹಾರುವ ಓತಿಯೊಂದನ್ನು ಹುಡುಕಿ ಕಾಡಿಗೆ ಹೊರಟವರ ಕಥೆ ನಿಮಗೆ ಗೊತ್ತೇ ಇರುತ್ತದೆ, ಮತ್ತೆ ಹೇಳುವುದಿಲ್ಲ. ನನಗೆ ಬೆರಗು ಹುಟ್ಟಿಸುವುದು ಅದರ ಅಳತೆ. ಪುಸ್ತಕದ ಬಹುಪಾಲು ಹಾರುವ ಓತಿ ಇಲ್ಲವೇ ಇಲ್ಲ. ಇರುವುದು ಮಂದಣ್ಣನ ಮದುವೆಯ ಗೋಳು, ಜೇನುಪೆಟ್ಟಿಗೆ, ಬಿರಿಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ. ನಕ್ಕು ನಕ್ಕು ಸಾಕಾಗುತ್ತದೆ. ಓತಿಯ ಸುದ್ದಿ ಬಂದರೂ ಅದು ಮಂದಣ್ಣನ ಬಾಯಿಂದ ಬಂದ ಸುದ್ದಿ. ನಂಬಬೇಕೋ ಬೇಡವೋ ನಿರೂಪಕನಿಗೂ ಗೊತ್ತಿಲ್ಲ. ನಮ್ಮನ್ನು ನಗಿಸುತ್ತಾ ನಗಿಸುತ್ತಾ ಲೇಖಕರು ಕಾಡಿನೊಳಕ್ಕೆ ಕರೆದುಕೊಂಡು ಹೋಗುತ್ತಾರೆ. ಭಕ್ತಿಗೆ ಸಿದ್ಧರಾಗಿ ಅಂತ ಗಂಟೆ ಬಾರಿಸುವುದಿಲ್ಲ. ಹಾಗಾಗಿ ನಾವೂ ಎಚ್ಚರ ತಪ್ಪಿರುತ್ತೇವೆ. ಕೊನೆಯಲ್ಲಿ ಅದು ಕಾಣಿಸಿಕೊಂಡಾಗ, ಅದುವರೆಗೆ ಕೆಲಸಕ್ಕೆ ಬಾರದವರಂತೆ ಕಂಡವರೆಲ್ಲ ತಲೆ ಎತ್ತಿ ಒಂದೇ ಕಡೆ ನೋಡುತ್ತಾ ನಿಂತುಬಿಡುತ್ತಾರೆ. ಹಿಡಿಯಬೇಕು ಅಂತ ಹೋದವರು ಅವರು. ಅದು ಸಿಗುವುದಿಲ್ಲ. ರೆಕ್ಕೆ ಬಿಚ್ಚಿ ಪ್ರಪಾತದ ಕಡೆ ತೇಲಿ ಹೋಗುತ್ತದೆ.

ಸಿಕ್ಕಿದ್ದರೆ? ಒಂದು ಗಾಜಿನ ಸೀಸೆ, ಲ್ಯಾಟಿನ್ ಹೆಸರಿನ ಚೀಟಿ. ವಿಜ್ಞಾನಕ್ಕೆ ಲಾಭ, ಕಾದಂಬರಿ ಅಲ್ಲೇ ಸತ್ತುಹೋಗುತ್ತಿತ್ತು. ಇಡೀ ಪುಸ್ತಕ ಕಟ್ಟಿದ ಆಸೆಯನ್ನು ಕೊನೆಯಲ್ಲಿ ಈಡೇರಿಸದೆ ಬಿಡುವುದಕ್ಕೆ ಧೈರ್ಯ ಬೇಕು. ಓದುಗ ಬೈಯಬಹುದು. ಆದರೆ ಯಾರೂ ಬೈಯಲಿಲ್ಲ. ಆ ಓತಿ ತಪ್ಪಿಸಿಕೊಂಡದ್ದು ನಮಗೆ ನಷ್ಟ ಅಂತ ಅನ್ನಿಸುವುದೇ ಇಲ್ಲ, ಅಲ್ವಾ? ಲೆಕ್ಕ ಹಾಕಿದರೆ ಗೇಣುದ್ದಕ್ಕಿಂತ ಹೆಚ್ಚಿಲ್ಲದ ಪ್ರಾಣಿ ಅದು. ಕೊನೆಯ ಪುಟದಲ್ಲಿ ಅದರ ಹಿಂದೆ ಲಕ್ಷಾಂತರ ವರ್ಷ ನಿಂತಿರುತ್ತವೆ.

ಈಗ ತಮಾಷೆ ಕೇಳಿ. ಪುಸ್ತಕ ಓದಿ ಎಷ್ಟೋ ವರ್ಷದ ಮೇಲೆ ನೆಂಟರೊಬ್ಬರ ಅಡಿಕೆ ತೋಟದಲ್ಲಿ ನಿಂತಿದ್ದೆ. ಕೊನೆ ತೆಗೆಯಲು ಬಂದಿದ್ದವರು ಮರ ಹತ್ತುವ ಮೊದಲು ಬೀಡಿ ಹಚ್ಚಿಕೊಂಡಿದ್ದರು. ಮೇಲಿನಿಂದ ಒಣಗಿದ ಎಲೆಯಂಥದ್ದೇನೋ ಓರೆಯಾಗಿ ಬಂತು. ಎಲೆಯಾದರೆ ಕೆಳಗೆ ಬೀಳಬೇಕು. ಇದು ಕೊನೆಗೆ ಸ್ವಲ್ಪ ಮೇಲಕ್ಕೆ ಎದ್ದು, ಪಕ್ಕದ ಮರಕ್ಕೆ ಅಂಟಿಕೊಂಡಿತು. ಹತ್ತಿರ ಹೋದರೆ ಮರದ ತೊಗಟೆ ಬಿಟ್ಟು ಏನೂ ಕಾಣದು. ಆಮೇಲೆ ಗಂಟಲಿನ ಕೆಳಗೆ ಹಳದಿ ಚೀಲವೊಂದು ಪಟಕ್ಕನೆ ಚಾಚಿ ಒಳಗೆ ಹೋಯಿತು. ಗಂಡು. ಇರುವೆ ಸಾಲಿನ ಪಕ್ಕ ಕೂತು ಒಂದೊಂದೇ ಇರುವೆ ನೆಕ್ಕುತ್ತಿತ್ತು. ರೆಕ್ಕೆ ಅಂದರೆ ರೆಕ್ಕೆಯಲ್ಲ, ಉದ್ದಕ್ಕೆ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ಮಡಚಿಕೊಂಡರೆ ಇದ್ದದ್ದೇ ಗೊತ್ತಾಗುವುದಿಲ್ಲ. ನನ್ನ ಕೈ ನಡುಗುತ್ತಿತ್ತು. 'ಹಾರುವ ಓತಿ!' ಅಂದೆ. ಅವರು ಬೀಡಿಯ ಬೂದಿ ಕೊಡವಿ, 'ಹೌದು ಮಾರಾಯ್ರೆ, ದಿನಾ ಕಾಣ್ತದೆ' ಅಂದರು. ಪಶ್ಚಿಮ ಘಟ್ಟದ ಅಡಿಕೆ ತೋಟದಲ್ಲಿ ಅದು ಅಪರೂಪವೇನಲ್ಲ. ಅವರು ದಿನಾ ನೋಡುವ ಓತಿಯೇ ನನ್ನ ಕೈ ನಡುಗಿಸಿತು. ನಡುಗಿಸಿದ್ದು ಆ ಕಾದಂಬರಿ. ಸಾಹಿತ್ಯ ಓದಿದವನು ದೊಡ್ಡವನು, ಓದದವನಿಗೆ ಬೆರಗಿಲ್ಲ ಅಂತ ನಾನು ಒಳಗೊಳಗೇ ಬೀಗುತ್ತಿರುವಾಗಲೇ ಅವರು ಮರ ಹತ್ತಲು ಹೊರಟರು. ಓತಿ ಕೂತಿದ್ದ ಮರವನ್ನು ಬಿಟ್ಟು ಅದರಾಚೆಯ ಮರಕ್ಕೆ ತಳೆ ಸಿಕ್ಕಿಸಿದರು. ಯಾಕೆ ಅಂದೆ. 'ಅದು ತಿಂತಾ ಉಂಟಲ್ಲ. ಆಮೇಲೆ ಬಂದ್ರಾಯ್ತು' ಅಂದರು.

ಹುಲಿಗೆ ಮಾತು ಬಂದಾಗ

ಇಲ್ಲಿಯವರೆಗೆ ಹೇಳಿದ್ದಕ್ಕೆಲ್ಲ ಎದುರು ನಿಲ್ಲುವ ಒಂದು ಹಾಡು ನಮ್ಮೆಲ್ಲರ ಬಾಯಲ್ಲೂ ಇದೆ. ಗೋವಿನ ಹಾಡು. ಅಲ್ಲಿ ಹುಲಿಯನ್ನು ಬಚ್ಚಿಡುವುದಿಲ್ಲ. ಅದಕ್ಕೆ ಅರ್ಬುತ ಅಂತ ಹೆಸರಿದೆ, ಬೆಟ್ಟದಡಿಯ ಕಿಬ್ಬಿಯ ವಿಳಾಸವಿದೆ, ಮಾತು ಬರುತ್ತದೆ, ಕಣ್ಣೀರೂ ಬರುತ್ತದೆ. ಅದರ ಮೊದಲ ನೆಗೆತದ ಸಾಲು ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಘುಡುಘುಡಿಸಿ, ಭೋರಿಡುತ, ಛಂಗನೆ. ಅರ್ಥ ತಿಳಿಯುವ ಮೊದಲೇ ಹೊಟ್ಟೆಗೆ ತಾಗುವ ಶಬ್ದಗಳು. ಹಾಡುವಾಗ ಹುಲಿ ನಮ್ಮ ಬಾಯೊಳಗಿಂದಲೇ ಹಾರುತ್ತದೆ. ಅದೇ ಹುಲಿ ಕೊನೆಯಲ್ಲಿ ಮತ್ತೊಮ್ಮೆ ಹಾರುತ್ತದೆ. ಈ ಸಲ ಶಬ್ದವೇ ಇಲ್ಲ. 'ಹಾರಿ ನೆಗೆದು ತನ್ನ ಪ್ರಾಣವ ಬಿಟ್ಟಿತು', ಅಷ್ಟೇ. ಹಸುಗಳ ಮೇಲೆ ಎರಗಿದಾಗ ಅಷ್ಟೊಂದು ಗದ್ದಲ, ತನ್ನ ಮೇಲೇ ಎರಗಿಕೊಂಡಾಗ ಗದ್ದಲವೇ ಇಲ್ಲ. ಹಾಡು ಕಟ್ಟಿದವರು ಯಾರೋ, ಅವರ ಕಿವಿ ದೊಡ್ಡದು.

ಆದರೂ ಈ ಹಾಡು ಹುಲಿಗೆ ಕೊಟ್ಟ ಗೌರವದ ಬಗ್ಗೆ ನನಗೆ ಸಂಶಯ ಇದೆ. ಹುಲಿ ದೊಡ್ಡದಾಗುವುದು ಹುಲಿತನ ಬಿಟ್ಟ ಕ್ಷಣದಲ್ಲಿ. ಹಸುವನ್ನು ಅಕ್ಕ ಅಂತ ಕರೆದ ಮೇಲೆ ಅದಕ್ಕೆ ತಿನ್ನಲು ಏನೂ ಉಳಿಯಲಿಲ್ಲ, ಬದುಕಲು ದಾರಿಯೂ ಉಳಿಯಲಿಲ್ಲ. ನಾವು ಹಾಡಿ ಕಣ್ಣೊರೆಸಿಕೊಳ್ಳುವುದು ಸತ್ಯಕ್ಕೆ. ಹುಲಿ ಅದರ ಬೆಲೆ ತೆತ್ತಿತು. ಈ ತಕರಾರು ಹೊಸದೇನೂ ಅಲ್ಲ, ಬಹಳ ಜನ ಎತ್ತಿದ್ದಾರೆ.

ಆದರೆ ಈಚೆಗೆ ಒಮ್ಮೆ ಹಾಡು ಕೇಳುವಾಗ ಬೇರೆ ಒಂದು ಜಾಗ ಹಿಡಿದು ನಿಲ್ಲಿಸಿತು. ಪುಣ್ಯಕೋಟಿ ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ದೊಡ್ಡಿಗೆ ಹೋಗುತ್ತಾಳೆ. ಹಾಡೂ ಅವಳ ಹಿಂದೆಯೇ ಹೋಗುತ್ತದೆ. ಕರುವಿನ ಜೊತೆ ಮಾತು, ಅಕ್ಕತಂಗಿಯರ ಜೊತೆ ಮಾತು. ಪದ್ಯದ ಮೇಲೆ ಪದ್ಯ. ಅಷ್ಟು ಹೊತ್ತು ಹುಲಿ ಏನು ಮಾಡುತ್ತಿತ್ತು? ಹಾಡು ಹೇಳುವುದಿಲ್ಲ. ಒಂದು ಸಾಲೂ ಇಲ್ಲ. ಅದು ಹಸಿದಿತ್ತು ಅಂತ ನಮಗೆ ಗೊತ್ತು. ಚೆದುರಿ ಹೋದ ಬೇರೆ ಹಸುಗಳು ಕಾಡಿನಲ್ಲೇ ಎಲ್ಲೋ ಇದ್ದಿರಬೇಕು. ಅವಳು ವಾಪಸು ಬಂದು ಗವಿಯ ಬಾಗಿಲಲ್ಲಿ ಕರೆದರೆ ಹುಲಿ ಅಲ್ಲೇ ಇದೆ. ಅಂದರೆ ಅದೂ ಕಾದಿತ್ತು. ಕೊಟ್ಟ ಮಾತು ಉಳಿಸಿಕೊಂಡವರು ಇಬ್ಬರು, ಹಾಡು ಹೊಗಳಿದ್ದು ಒಬ್ಬರನ್ನು. ಆ ಖಾಲಿ ಜಾಗದಲ್ಲಿ ಕೂತ ಹಸಿದ ಹುಲಿ ನನಗೆ ಅಳುವ ಹುಲಿಗಿಂತ ದೊಡ್ಡದಾಗಿ ಕಾಣುತ್ತದೆ. ಹಾಡು ಕಟ್ಟಿದವರು ಬೇಕಂತಲೇ ಬಿಟ್ಟರೋ ಇಲ್ಲವೋ, ನನಗಂತೂ ಹಾಡಿನ ಅತಿ ಒಳ್ಳೆಯ ಭಾಗ ಅದೇ.

ಪಂದಿಯೂ ನಾಯಿಯೂ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಮದ್ದೂರು ತಾಲ್ಲೂಕಿನ ಆತಕೂರಿನದು, ಕ್ರಿ.ಶ. 949-50ರ ಶಾಸನ. ಇತಿಹಾಸದವರಿಗೆ ಅದು ತಕ್ಕೋಲದ ಯುದ್ಧಕ್ಕೆ, ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದಕ್ಕೆ ಮುಖ್ಯ. ಉಳಿದವರಿಗೆಲ್ಲ ಅದು ನಾಯಿಯ ಕಲ್ಲು. ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರನಿಗೆ ಬೂತುಗ ಏನು ಬೇಕು ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿ. ಆ ನಾಯಿಯನ್ನು ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. 'ಪಂದಿಯುಂ ನಾಯುಮೊಡಸತ್ತುವು.' ಎರಡೂ ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಂಡವನಿಗೆ ಪಾಪ ಅಂತಲೂ ಬರೆಸಿದರು.

ಎಲ್ಲರೂ ನಾಯಿಯ ಬಗ್ಗೆ ಮಾತಾಡುತ್ತಾರೆ, ಸರಿಯೇ. ನನ್ನ ಕಣ್ಣು ಹೋಗುವುದು ಹಂದಿಯ ಕಡೆ. ಅದಕ್ಕೆ ಹೆಸರಿಲ್ಲ. ಯಾರ ಅರಮನೆಯದ್ದೂ ಅಲ್ಲ. ಆದರೆ ವಾಕ್ಯದಲ್ಲಿ ಅದೇ ಮೊದಲು ಬರುತ್ತದೆ. ದುಷ್ಟ ಅನ್ನಲಿಲ್ಲ, ಪುಂಡ ಅನ್ನಲಿಲ್ಲ. ದೊಡ್ಡದು ಅಂದರು, ಅದು ಅಳತೆಯ ಮಾತು. ನಾಯಿ ವೀರಸ್ವರ್ಗಕ್ಕೆ ಹೋಯಿತು, ಹಂದಿ ಹಾಳಾಯಿತು ಅಂತಲೂ ಬರೆಯಲಿಲ್ಲ. ಎರಡಕ್ಕೂ ಒಂದೇ ಕ್ರಿಯಾಪದ, ಒಂದೇ ಸಾವು. ಕಲ್ಲಿನ ಮೇಲೆ ಕೆತ್ತಿದಾಗಲೂ ಎರಡನ್ನೂ ಕೆತ್ತಿದರು. ಪೂಜಾರಿ ಹೂವು ಇಟ್ಟದ್ದು ಇಬ್ಬರಿಗೂ ಸೇರಿಯೇ.

ಇದನ್ನು ಈಗ ನೆನೆಸಿಕೊಳ್ಳಲು ಕಾರಣ ಇದೆ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ಕಾಡಾನೆ ಹಿಡಿಯುವ ಕೆಲಸಕ್ಕೆ ಹೋದ ಅರ್ಜುನ ಸತ್ತ. ಎಂಟು ಸಲ ಮೈಸೂರು ದಸರಾದ ಅಂಬಾರಿ ಹೊತ್ತ ಆನೆ. ಕಾಡಿನ ಸಲಗವೊಂದರ ಜೊತೆ ಕಾದಾಡುವಾಗ ಪ್ರಾಣ ಹೋಯಿತು. ಮಾವುತರು ಅತ್ತದ್ದನ್ನು ನೋಡಿ ಮನೆಮನೆಯಲ್ಲಿ ಜನ ಅತ್ತರು. ನಮ್ಮ ಮನೆಯಲ್ಲೂ. ಕಾಳಿಯ ಕಥೆಯೇ ಅಲ್ವಾ ಇದು? ಮನುಷ್ಯ ಸಾಕಿದ ಪ್ರಾಣಿ, ಮನುಷ್ಯನ ಕೆಲಸಕ್ಕಾಗಿ ಕಾಡಿನ ಪ್ರಾಣಿಯ ಮೇಲೆ ಹೋದದ್ದು, ಸತ್ತದ್ದು, ಅದಕ್ಕೊಂದು ಸ್ಮಾರಕ ಬೇಕು ಅಂತ ಜನ ಕೇಳಿದ್ದು. ಸಾವಿರ ವರ್ಷದಲ್ಲಿ ನಮ್ಮ ದುಃಖ ಬದಲಾಗಿಲ್ಲ. ಬದಲಾದದ್ದು ಎದುರಿಗಿದ್ದ ಪ್ರಾಣಿಯ ವಾಕ್ಯ. ಅರ್ಜುನನಿಗೆ ವೀರಮರಣ, ಸಲಗಕ್ಕೆ ಪುಂಡ, ಕೊಲೆಗಾರ. ಮೊಬೈಲಿನಲ್ಲಿ ಬಂದ ಪದ್ಯಗಳಲ್ಲಂತೂ ಅದನ್ನು ರಾಕ್ಷಸ ಮಾಡಿಬಿಟ್ಟಿದ್ದರು. ಅದು ತನ್ನ ಜಾಗದಲ್ಲಿ ನಿಂತಿತ್ತು, ಇನ್ನೊಂದು ಗಂಡಾನೆ ಹತ್ತಿರ ಬಂತು. ಆನೆ ಮಾಡುವುದನ್ನು ಅದು ಮಾಡಿತು. ಅರ್ಜುನನನ್ನು ದೊಡ್ಡದು ಮಾಡಲು ಸಲಗವನ್ನು ಸಣ್ಣದು ಮಾಡಬೇಕಿರಲಿಲ್ಲ. ಸಣ್ಣದರ ಜೊತೆ ಕಾದಿ ಸತ್ತರೆ ಅದರಲ್ಲಿ ವೀರತನ ಎಲ್ಲಿಂದ ಬರಬೇಕು?

ಇಷ್ಟು ಬರೆದು ಓದಿ ನೋಡಿದರೆ, ಇದನ್ನು ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಬರೆಯುವುದು ಸಲೀಸು ಅನ್ನುವುದೂ ಕಾಣುತ್ತದೆ. ಸಕಲೇಶಪುರ, ಆಲೂರು, ಬೇಲೂರಿನ ಕಡೆ ಕಾಫಿ ಕೊಯ್ಯಲು ಹೋದವರು ಆನೆ ತುಳಿದು ಸತ್ತಿದ್ದಾರೆ. ಗದ್ದೆ ಒಂದು ರಾತ್ರಿಯಲ್ಲಿ ಹೋಗುತ್ತದೆ. ಅಂಥ ಮನೆಯವರ ಮುಂದೆ ನಿಂತು, ಸಲಗವನ್ನು ಪುಂಡ ಅನ್ನಬೇಡಿ ಅಂತ ಹೇಳುವ ಬಾಯಿ ನನಗಿಲ್ಲ. ಕಾರ್ಬೆಟ್‌ಗೆ ಆ ಹಕ್ಕು ಇತ್ತು. ಸತ್ತವರ ಮನೆಯ ಅಂಗಳದಲ್ಲಿ ಅವನು ರಾತ್ರಿ ಕಳೆದಿದ್ದ. ದೊಡ್ಡಪ್ಪನಿಗಿತ್ತು, ಕೊಟ್ಟಿಗೆ ಅವರದು.

ಅಲ್ಲಿಯವರೇ ಬರೆದದ್ದನ್ನು ಓದಬೇಕು ಅಂತ ನನಗೆ ಆಸೆ. ತೋಟದ ಲೈನ್‌ಮನೆಯಲ್ಲಿ ಇರುವ ಹೆಂಗಸು, ಬೆಳಗಿನ ಜಾವ ಗದ್ದೆಗೆ ನೀರು ನೋಡಲು ಹೋಗುವವನು, ಆನೆ ಕಾಯುವ ಕೆಲಸದ ಹುಡುಗ. ಸದ್ಯಕ್ಕೆ ಸಕಲೇಶಪುರದ ಗೆಳೆಯನೊಬ್ಬನ ಫೋನಿನಲ್ಲಿ ನಾನು ನೋಡಿದ್ದು ಆನೆ ಬಂದಾಗ ಬರುವ ಎಚ್ಚರಿಕೆ ಸಂದೇಶಗಳನ್ನು ಮಾತ್ರ. ಯಾವ ತೋಟ, ಒಂದೋ ಗುಂಪೋ, ಮರಿ ಇದೆಯೋ, ಯಾವ ಕಡೆ ಹೋಗುತ್ತಿದೆ, ಈ ದಾರಿಯಲ್ಲಿ ಬರಬೇಡಿ. ಬೇರೆ ಒಂದು ಮಾತೂ ಇಲ್ಲ. ಇವನ್ನೆಲ್ಲ ಯಾರಾದರೂ ಒಂದು ವರ್ಷ ಅಳಿಸದೆ ಇಟ್ಟುಕೊಂಡರೆ ಚೆನ್ನಾಗಿರುತ್ತೆ ಅಂದೆ. 'ಫೋನಿನಲ್ಲಿ ಜಾಗ ಇಲ್ಲ ಕಣೋ' ಅಂದ.